ಶಂಕು ಬಸವನಹುಳು

ಉದ್ದೇಶ: ತಿರುಪ್ಪೂರಿಗೆ ಕಡಲು ದೂರವಾದರೂ ರಾಮೇಶ್ವರ, ಕನ್ಯಾಕುಮಾರಿಗಳ ಪ್ರವಾಸದಿಂದ ಮರಳುವ ಮಕ್ಕಳ ಚೀಲದಲ್ಲಿ ಒಂದೆರಡು ಚಿಪ್ಪುಗಳಿರುವುದು ಸಾಮಾನ್ಯ. ಬರಿದಾದ ಚಿಪ್ಪಿನಿಂದ ಕೇಡಿಲ್ಲ. ಒಳಗೆ ಜೀವವಿರುವ ಚಿಪ್ಪು ಪ್ರಾಣಕ್ಕೇ ಎರವಾಗಬಹುದು. ಈ ವ್ಯತ್ಯಾಸವನ್ನು ಪ್ರವಾಸಕ್ಕೆ ಮುನ್ನವೇ ಮನಗಾಣಿಸುವುದು ಈ ಪಾಠದ ಉದ್ದೇಶ.

ಪದ ಪರಿಚಯ: ‘ಶಂಖ’, ‘ಶಂಕು’ ಎಂಬ ಪದಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಮೊದಲನೆಯದು ಊದುವ ಶಂಖ. ಎರಡನೆಯದು ಗಣಿತದಲ್ಲಿ ಮಕ್ಕಳು ಕಲಿತ ಆಕೃತಿ. ಈ ಪ್ರಾಣಿಯ ಚಿಪ್ಪು ಶಂಕುವಿನ ಆಕಾರದ್ದು.

ವಿಷಯ ನಿರೂಪಣೆ: ತಮಿಳುನಾಡಿನ ಕರಾವಳಿಯಲ್ಲಿರುವ ‘ಕೋನಸ್ ಅಮಾಡಿಸ್’ ಇವುಗಳಲ್ಲೊಂದು ಪ್ರಭೇದ. ಇದರ ಕಂದು ಚಿಪ್ಪಿನ ಮೇಲೆ ತ್ರಿಕೋನಾಕಾರದ ಬಿಳಿಯ ಮಚ್ಚೆಗಳಿರುತ್ತವೆ. ಶಂಕು ಬಸವನಹುಳುಗಳು ಸಾಮಾನ್ಯವಾಗಿ ಹಗಲಿನಲ್ಲಿ ಮರಳೊಳಗೆ ಹುದುಗಿದ್ದು, ರಾತ್ರಿ ಬೇಟೆಗೆ ಹೊರಡುತ್ತವೆ. ಹುಳು, ಮೃದ್ವಂಗಿ, ಮೀನುಗಳು ಇವುಗಳ ಆಹಾರ. ಟೊಳ್ಳಾದ, ಮುಳ್ಳುಳ್ಳ ಹಲ್ಲನ್ನು ನೀಳ ಸೊಂಡಿಲಿನ ತುದಿಯಿಂದ ಬಾಣದಂತೆ ನೆಟ್ಟು ವಿಷವನ್ನು ಹರಿಸುತ್ತವೆ. ಒಂದು ಹಲ್ಲು ಒಂದೇ ಬಾರಿಗೆ. ಮುಂದಿನ ಬೇಟೆಗೆ ಬೇರೊಂದು ಹಲ್ಲು ಸಿದ್ಧವಾಗಿರುತ್ತದೆ.

ಮೀನು ತಿನ್ನುವ ‘ಕೋನಸ್ ಜಿಯೋಗ್ರಾಫಸ್’ ಮನುಷ್ಯರಿಗೆ ಅತ್ಯಂತ ಅಪಾಯಕಾರಿ. ಅದರ ವಿಷದಿಂದ ಉಸಿರಾಟದ ಸ್ನಾಯುಗಳು ನಿಶ್ಚೇಷ್ಟಿತವಾಗಿ ಸಾವುಗಳು ಸಂಭವಿಸಿವೆ. ಇದಕ್ಕೆ ಪ್ರತಿವಿಷವಿಲ್ಲ. ಸೊಂಡಿಲು ಬಾಗಿ ಚಾಚಿಕೊಳ್ಳುವುದರಿಂದ ಚಿಪ್ಪನ್ನು ಯಾವ ಬದಿಯಲ್ಲಿ ಹಿಡಿದರೂ ಸುರಕ್ಷಿತವಲ್ಲ. ಕುಟುಕಿದರೆ ಆ ಅಂಗವನ್ನು ಅಲುಗಾಡಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಉಸಿರು ನಿಂತರೆ ಕೃತಕ ಉಸಿರಾಟ ನೀಡಬೇಕು. ಗಾಯವನ್ನು ಕೊಯ್ಯುವುದೂ ಚೀಪುವುದೂ ಕೂಡದು.

ವಿಷದಿಂದ ಮದ್ದು: ಈ ವಿಷವು ನರಗಳ ಸಂದೇಶವನ್ನು ಕೆಡಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಬಲರಾಮ್ ಅವರ ತಂಡವು ಕೋನಸ್ ಅಮಾಡಿಸ್‌ನ ವಿಷದ ಘಟಕಗಳನ್ನು ಅಭ್ಯಸಿಸಿದೆ. ‘ಕೋನಸ್ ಮಾಗಸ್’ ಎಂಬ ಪ್ರಭೇದದ ವಿಷದಲ್ಲಿರುವ ಒಂದು ಘಟಕದ ಮಾದರಿಯಲ್ಲಿ ತಯಾರಾದ ಜಿಕೊನೊಟೈಡ್ ಎಂಬ ಮದ್ದಿಗೆ ಅಮೆರಿಕದಲ್ಲಿ 2004ರಲ್ಲಿ ಅನುಮತಿ ದೊರೆಯಿತು. ಬೇರೆ ಚಿಕಿತ್ಸೆಗೆ ಬಗ್ಗದ ತೀವ್ರ ನೋವಿನ ಶಮನಕ್ಕಾಗಿ ಅದನ್ನು ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಸೇರಿಸುತ್ತಾರೆ. ಆದ್ದರಿಂದ ಈ ಪ್ರಾಣಿಯನ್ನು ಕಂಡಲ್ಲಿ ಕೊಲ್ಲಬೇಕೆಂಬ ಭಾವನೆ ಮಕ್ಕಳಲ್ಲಿ ಮೂಡದಿರಲಿ. ಮುಟ್ಟದೆ ನೋಡುವ ಅಭ್ಯಾಸ ಬೆಳೆಯಲಿ.

ಚಟುವಟಿಕೆ: ಮಕ್ಕಳು ಮನೆಯಲ್ಲಿರುವ ಬರಿದಾದ ಚಿಪ್ಪುಗಳನ್ನು ತಂದು, ಆಕಾರಕ್ಕನುಸಾರವಾಗಿ ವಿಂಗಡಿಸಿ ಚಿತ್ರ ಬರೆಯಲಿ.

ಪ್ರಶ್ನೆಗಳು:
1. ಶಂಖಕ್ಕೂ ಶಂಕುವಿಗೂ ಇರುವ ವ್ಯತ್ಯಾಸವೇನು?
2. ನಿಧಾನವಾಗಿ ಚಲಿಸುವ ಈ ಬೇಟೆಗಾರನಿಗೆ ಬಲವಾದ ವಿಷದಿಂದ ಆಗುವ ಪ್ರಯೋಜನವೇನು?
3. ಕಡಲತೀರದಲ್ಲಿ ಚಿಪ್ಪೊಂದು ಕಂಡರೆ ನೀವು ಏನು ಮಾಡುವಿರಿ?