ಪುಸ್ತಕಕ್ಕೆ ಹತ್ತಿದ ಹೆಸರು

ಭಾರತೀನಗರ



ನಿನ್ನ ಹೊಲಿಗೆ ಘಟಕದ ಇಪ್ಪತ್ತೈದು ಜನರ ಜೊತೆಗೆ ಇನ್ನೂ ಹತ್ತು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತೀಯ ಎಂದು ತಿಳಿದು ಹಿಗ್ಗಿದೆ. ಹೊತ್ತು ಮೂಡುವ ಮುಂಚೆ ಗಾರ್ಮೆಂಟ್ಸ್ ಬಸ್ಸು ಹತ್ತುವ ನಮ್ಮ ಮದ್ದೂರು, ಮಳವಳ್ಳಿ ಕಡೆಯ ಹೆಣ್ಣುಮಕ್ಕಳಿಗೆ ಊರಲ್ಲೇ ಕೆಲಸ ಸಿಗುವುದು ಸಣ್ಣ ಮಾತಲ್ಲ. ಆದರೆ ಅವರ ಹೆಸರನ್ನು ಪುಸ್ತಕಕ್ಕೆ ಹತ್ತಿಸದೆ ಇಟ್ಟುಕೊಳ್ಳಬೇಡ. ಇದನ್ನು ಹೇಳಲೆಂದೇ ಬರೆಯುತ್ತಿದ್ದೇನೆ.

ಆದಾಯ ತೆರಿಗೆಯಲ್ಲಿ 80ಜೆಜೆಎಎ ಎಂದು ಹೆಸರಾದ ರಿಯಾಯಿತಿಯೊಂದಿದೆ. 2025ರ ಹೊಸ ಕಾಯ್ದೆಯಲ್ಲೂ ಉಳಿದಿದೆ. ತೆರಿಗೆ ಆಡಿಟ್‌ಗೆ ಒಳಪಡುವ ವ್ಯವಹಾರಕ್ಕೆ ಮಾತ್ರ ಅದು. ತಿಂಗಳಿಗೆ 12,000ದಂತೆ ಹತ್ತು ಜನರ ವರ್ಷದ ಸಂಬಳ 14,40,000 ರೂಪಾಯಿ. ಅದು ಹೇಗೂ ಖರ್ಚಿನಲ್ಲಿ ಹೋಗುತ್ತದೆ. ಅದರ ಶೇ. 30, ಅಂದರೆ 4,32,000 ರೂಪಾಯಿಯನ್ನು ಆದಾಯದಿಂದ ಮತ್ತೆ ಕಳೆಯಬಹುದು, ಮೂರು ವರ್ಷ. ಉಳಿಯುವ ತೆರಿಗೆಯೇ ಅಷ್ಟು ಎಂದುಕೊಳ್ಳಬೇಡ. ತೆರಿಗೆ ಬೀಳುವ ಆದಾಯ ಅಷ್ಟು ಇಳಿಯುತ್ತದೆ. ತಿಂಗಳ ಸಂಬಳ 25,000 ಮೀರಬಾರದು, ಪಿಎಫ್ ಇರಬೇಕು, ಸಂಬಳ ಬ್ಯಾಂಕಿನ ಮೂಲಕವೇ ಹೋಗಬೇಕು. ವರ್ಷದಲ್ಲಿ 240 ದಿನ ಕೆಲಸದಲ್ಲಿರಬೇಕು. ನಿನ್ನಂಥ ಸಿದ್ಧ ಉಡುಪಿನವರಿಗೆ 150 ದಿನ ಸಾಕು. ಹತ್ತು ಜನ ಸೇರಿ ಹಳಬರು ಹತ್ತು ಜನ ಬಿಟ್ಟರೆ ಏನೂ ದಕ್ಕದು.

ಇನ್ನೊಂದು, ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರೊಳಗೆ ಸೃಷ್ಟಿಯಾದ ಉದ್ಯೋಗಕ್ಕೆ ಅನ್ವಯ. ಐವತ್ತಕ್ಕಿಂತ ಕಡಿಮೆ ಜನರಿರುವವರು ಕನಿಷ್ಠ ಇಬ್ಬರನ್ನು ಹೆಚ್ಚುವರಿಯಾಗಿ ಸೇರಿಸಿ ಆರು ತಿಂಗಳು ಉಳಿಸಿಕೊಳ್ಳಬೇಕು. 12,000 ಪಿಎಫ್ ಸಂಬಳದವಳ ಲೆಕ್ಕದಲ್ಲಿ ನಿನಗೆ ತಿಂಗಳಿಗೆ 2,000 ಬರುತ್ತದೆ, ಎರಡು ವರ್ಷ. ತಯಾರಿಕಾ ಘಟಕಕ್ಕೆ ನಾಲ್ಕು ವರ್ಷ. ಮೊದಲ ಬಾರಿ ಪಿಎಫ್ ಸೇರಿದವಳಿಗೂ ಒಂದು ತಿಂಗಳ ಸಂಬಳದಷ್ಟು, 15,000 ಮೀರದಂತೆ, ಎರಡು ಕಂತಿನಲ್ಲಿ ಸಿಗುತ್ತದೆ. ವಾರದ ಬಟವಾಡೆಯನ್ನು ಕೈಗೇ ಕೊಟ್ಟು ಮುಗಿಸಿದರೆ ಕಳೆದುಕೊಳ್ಳುವವನು ನೀನೊಬ್ಬನೇ ಅಲ್ಲ, ಅವಳ ಪಾಲೂ ಹೋಯಿತು. ನನಗೆ ಹೆಚ್ಚು ನೋವಾಗುವುದು ಅಲ್ಲೇ.

ಕಬ್ಬಿನ ಸೀಮೆಯವರು ನಾವು. ಹಂಗಾಮಿಗೆ ಕರೆದು, ಹಂಗಾಮು ಮುಗಿದಾಗ ಕಳಿಸುವ ರೂಢಿ ಆಲೆಮನೆಯಿಂದಲೇ ಬಂದಿದೆ. ಆರ್ಡರ್ ಇಳಿದ ತಿಂಗಳು ಅದೇ ಯೋಚನೆ ನಿನಗೂ ಬರುತ್ತದೆ. ಕೈ ಪಳಗಿದವಳನ್ನು ಕಳಿಸುವ ಮೊದಲು ಆ 150 ದಿನಕ್ಕೆ, ಆರು ತಿಂಗಳಿಗೆ ಇನ್ನೆಷ್ಟು ದಿನ ಬಾಕಿ ಎಂದು ಹಾಜರಿ ಪುಸ್ತಕ ನೋಡು.

ಇಂಥ ರಿಯಾಯಿತಿ ಕೊಡಿಸುತ್ತೇವೆಂದು ಪರ್ಸೆಂಟೇಜ್ ಕೇಳುತ್ತಾ ಬರುವ ಏಜೆಂಟರನ್ನು ಹತ್ತಿರ ಸೇರಿಸಬೇಡ. ಕೋವಿಡ್ ಕಾಲದಲ್ಲಿ ಕೆಲಸದವರನ್ನು ಉಳಿಸಿಕೊಂಡ ಮಾಲೀಕರಿಗೆ ಅಮೆರಿಕ ಸರ್ಕಾರ ಸಂಬಳದ ತೆರಿಗೆಯಲ್ಲೇ ರಿಯಾಯಿತಿ ಕೊಟ್ಟಿತು. ಅರ್ಹತೆಯಿಲ್ಲದವರಿಂದಲೂ ಅರ್ಜಿ ಹಾಕಿಸಿದ ದಲ್ಲಾಳಿಗಳ ಹಾವಳಿಗೆ 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ತೆರಿಗೆ ಇಲಾಖೆ ಹೊಸ ಅರ್ಜಿಗಳ ವಿಲೇವಾರಿಯನ್ನೇ ತಡೆಹಿಡಿಯಬೇಕಾಯಿತು.

ನಿನ್ನ ಆಡಿಟರನ್ನು ಮಾರ್ಚ್‌ವರೆಗೆ ಕಾಯದೆ ಈಗಲೇ ಕಾಣು. ಮುಂದಿನ ಬಟವಾಡೆಗೆ ಮೊದಲು ಹತ್ತು ಜನರಿಗೂ ಬ್ಯಾಂಕ್ ಖಾತೆ, ಪಿಎಫ್ ನಂಬರು ಮಾಡಿಸಿಬಿಡು.

ನಿನ್ನ ದೊಡ್ಡಪ್ಪ