ನೆಲದೊಡಲ ನಕ್ಷತ್ರಗಳು

ಆಕಾಶದಲ್ಲಿ ನಕ್ಷತ್ರಗಳನ್ನು ಕಾಣುವುದು ಸಹಜ. ಅಂಗಳದಲ್ಲಿ ನಿಂತು ತಲೆಯೆತ್ತಿದರೆ ಸಾಕು. ಬಡವ ಬಲ್ಲಿದರೆಂಬ ಭೇದವಿಲ್ಲದೆ ಎಲ್ಲರಿಗೂ ಆ ವೈಭವ ದೊರೆಯುತ್ತದೆ. ಆದರೆ ನೆಲದ ಒಡಲಿನಲ್ಲಿ, ಸೂರ್ಯಚಂದ್ರರ ಕಿರಣಗಳು ಎಂದೂ ಸುಳಿಯದ ಗಾಢಾಂಧಕಾರದಲ್ಲಿ, ಕಲ್ಲಿನ ಚಾವಣಿಯ ತುಂಬ ನಕ್ಷತ್ರಗಳು ಮಿನುಗುವುದುಂಟೆ? ಉಂಟು. ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿರುವ ವೈಟೊಮೊ ಎಂಬ ಚಿಕ್ಕ ಊರಿನ ಬಳಿ ಅಂಥ ನೋಟವನ್ನು ಕಾಣಬಹುದು. ಅದನ್ನು ನೋಡಲೆಂದೇ ಪ್ರಪಂಚದ ಮೂಲೆ ಮೂಲೆಗಳಿಂದ ಜನ ಅಲ್ಲಿಗೆ ಬರುತ್ತಾರೆ.

ಹೊರಗಿನಿಂದ ನೋಡಿದರೆ ವೈಟೊಮೊ ಒಂದು ಸಾಧಾರಣ ಪ್ರದೇಶ. ಹಸುರು ಹೊದ್ದ ದಿಣ್ಣೆಗಳು, ಅವುಗಳ ಮೇಲೆ ಮೇಯುವ ಕುರಿಗಳ ಹಿಂಡು, ನಡುನಡುವೆ ಜರೀಗಿಡಗಳು ಕಿಕ್ಕಿರಿದ ಕಾಡಿನ ತುಣುಕುಗಳು. ಅಲ್ಲಲ್ಲಿ ಒಂದು ತೊರೆ ಹರಿದುಬಂದು ಬೆಟ್ಟದ ಬುಡದಲ್ಲಿ ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ಆ ನಾಡಿನ ಮೂಲನಿವಾಸಿಗಳಾದ ಮಾವೊರಿ ಜನರ ಭಾಷೆಯಲ್ಲಿ 'ವೈ' ಎಂದರೆ ನೀರು, 'ಟೊಮೊ' ಎಂದರೆ ನೆಲದಲ್ಲಿನ ಬಿಲ. ನೀರು ನೆಲದೊಳಗೆ ಇಳಿಯುವ ಎಡೆ ಎಂಬುದೇ ಊರಿನ ಹೆಸರಿನ ಅರ್ಥ. ಹೆಸರಿಟ್ಟವರು ನೆಲವನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಸುಮಾರು ಮೂರು ಕೋಟಿ ವರ್ಷಗಳ ಹಿಂದೆ ಈ ಪ್ರದೇಶ ಕಡಲಿನ ತಳವಾಗಿತ್ತು. ಸತ್ತ ಜಲಚರಗಳ ಚಿಪ್ಪುಗಳೂ ಎಲುಬುಗಳೂ ಪದರ ಪದರವಾಗಿ ಕುಳಿತು, ಒತ್ತಡದಿಂದ ಗಟ್ಟಿಗೊಂಡು ಸುಣ್ಣಕಲ್ಲಾದುವು. ಕಾಲಾಂತರದಲ್ಲಿ ಭೂಗರ್ಭದ ಚಲನೆಯಿಂದ ಆ ಕಲ್ಲು ಸಮುದ್ರದಿಂದ ಮೇಲಕ್ಕೆದ್ದು ಬಿರುಕುಬಿಟ್ಟಿತು. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ಸೌಮ್ಯವಾದ ಆಮ್ಲವಾಗುತ್ತದೆ. ಈ ಆಮ್ಲಕ್ಕೆ ಸುಣ್ಣಕಲ್ಲನ್ನು ಕರಗಿಸುವ ಶಕ್ತಿಯುಂಟು. ಬಿರುಕುಗಳಲ್ಲಿ ಇಳಿದ ನೀರು ಲಕ್ಷಾಂತರ ವರ್ಷಗಳ ಕಾಲ ಕಲ್ಲನ್ನು ಕರಗಿಸಿ, ಬಿರುಕನ್ನು ಸುರಂಗವಾಗಿಯೂ ಸುರಂಗವನ್ನು ಮಂಟಪವಾಗಿಯೂ ಹಿಗ್ಗಿಸಿತು. ಕಲ್ಲನ್ನು ಕರಗಿಸಿದ ನೀರೇ ಮತ್ತೆ ಕಲ್ಲನ್ನು ಕಟ್ಟುವುದೂ ಉಂಟು. ಚಾವಣಿಯಿಂದ ತೊಟ್ಟಿಕ್ಕುವ ಪ್ರತಿ ಹನಿಯೂ ತನ್ನಲ್ಲಿ ಕರಗಿದ ಸುಣ್ಣದ ಒಂದು ಕಣವನ್ನು ಅಲ್ಲಿಯೇ ಬಿಟ್ಟುಹೋಗುತ್ತದೆ. ಹಾಗೆ ಕಣಕ್ಕೆ ಕಣ ಸೇರಿ ಮೇಲಿನಿಂದ ಜೋಲುವ ಕಂಬಗಳೂ ಕೆಳಗಿನಿಂದ ಏಳುವ ಕಂಬಗಳೂ ರೂಪುಗೊಂಡಿವೆ. ಅವು ಬೆರಳಿನಷ್ಟು ಬೆಳೆಯಬೇಕಾದರೂ ಶತಮಾನಗಳು ಉರುಳಬೇಕು.

ಈ ಗುಹೆಯ ಬಾಯಿಯನ್ನು ಮಾವೊರಿ ಜನ ಬಹುಕಾಲದಿಂದ ಬಲ್ಲರು. ಆದರೆ ತೊರೆಯ ಜೊತೆಯಲ್ಲಿ ಒಳಹೊಕ್ಕು ಅದನ್ನು ಪೂರ್ಣವಾಗಿ ಪರೀಕ್ಷಿಸಿದುದು 1887ರಲ್ಲಿ. ಆ ವರ್ಷ ಸ್ಥಳೀಯ ಮಾವೊರಿ ನಾಯಕನಾದ ತಾನೆ ತಿನೋರೌ ಮತ್ತು ಫ್ರೆಡ್ ಮೇಸ್ ಎಂಬ ಆಂಗ್ಲ ಮೋಜಣಿದಾರ ಈ ಸಾಹಸಕ್ಕೆ ಕೈಹಾಕಿದರು. ನಾರಿನ ಗಿಡದ ದಂಟುಗಳನ್ನು ಬಿಗಿದು ಒಂದು ತೆಪ್ಪವನ್ನು ಕಟ್ಟಿ, ಕೈಯಲ್ಲಿ ಮೇಣದ ಬತ್ತಿ ಹಿಡಿದು, ತೊರೆಯು ನೆಲದೊಳಗೆ ನುಗ್ಗುವ ಬಾಯಿಯಲ್ಲಿ ಅವರೂ ನುಗ್ಗಿದರು. ಮುಂದೆ ಜಲಪಾತವಿದೆಯೋ, ಮಡುವಿದೆಯೋ, ಹಿಂದಿರುಗುವ ದಾರಿಯಿದೆಯೋ, ಒಂದೂ ಅವರಿಗೆ ತಿಳಿದಿರಲಿಲ್ಲ. ಬತ್ತಿಯ ಮಂದ ಬೆಳಕು ನಾಲ್ಕು ಮಾರು ದೂರವನ್ನೂ ಬೆಳಗಲಾರದು. ಆದರೆ ತಲೆಯೆತ್ತಿದ ಅವರಿಗೆ ಕಂಡದ್ದು ಸಾವಿರಾರು ನೀಲಿ ಬೊಟ್ಟುಗಳ ಬೆಳಕು. ಕೆಳಗಿನ ಕಪ್ಪು ನೀರಿನಲ್ಲಿ ಅದರದೇ ಪ್ರತಿಬಿಂಬ. ಮುಂದೆ ಅವರು ಹಲವು ಸಲ ಒಳಹೊಕ್ಕು ಗುಹೆಯ ಮೇಲಿನ ಅಂತಸ್ತನ್ನೂ ಶೋಧಿಸಿದರು. ಬೆಟ್ಟದ ಮೇಲ್ಭಾಗದಿಂದ ಒಳಕ್ಕೆ ಇಳಿಯುವ ಇನ್ನೊಂದು ದ್ವಾರವನ್ನು ತಾನೆ ತಿನೋರೌ ತಾನೊಬ್ಬನೇ ಹೋಗಿ ಕಂಡುಹಿಡಿದನು. 1889ರಲ್ಲಿ ಅವನೂ ಅವನ ಪತ್ನಿ ಹುತಿಯೂ ಅಲ್ಪ ಶುಲ್ಕವನ್ನು ಪಡೆದು ಪ್ರವಾಸಿಗಳಿಗೆ ಗುಹೆಯನ್ನು ತೋರಿಸತೊಡಗಿದರು.

ಹಾಗಾದರೆ ಆ ನೀಲಿ ಬೆಳಕು ಯಾವುದು? ಕರ್ನಾಟಕದ ಮಲೆನಾಡಿನಲ್ಲಿ ಮುಂಗಾರಿಗೆ ಮುನ್ನ ಮರಗಳ ತುಂಬ ಹೊಳೆದು ಆರುವ ಮಿಂಚುಹುಳುಗಳನ್ನು ಕಂಡವರು ಇದೂ ಅದೇ ಜಾತಿಯದೆಂದು ಭಾವಿಸಬಹುದು. ಅದು ಸರಿಯಲ್ಲ. ಮಿಂಚುಹುಳು ದುಂಬಿಯ ಬಳಗಕ್ಕೆ ಸೇರಿದ ಕೀಟ. ತನ್ನ ಸಂಗಾತಿಯನ್ನು ಕರೆಯಲು ಅದು ಮಿಂಚುತ್ತದೆ. ವೈಟೊಮೊದ ಬೆಳಕಿನ ಹುಳುವಾದರೋ ನೊಣ ಸೊಳ್ಳೆಗಳ ಗಣಕ್ಕೆ ಸೇರಿದ ಒಂದು ಸಣ್ಣ ಕೀಟದ ಮರಿ. ವಿಜ್ಞಾನಿಗಳು ಅದನ್ನು ಅರಾಕ್ನೊಕ್ಯಾಂಪ ಲ್ಯುಮಿನೋಸ ಎಂದು ಕರೆಯುತ್ತಾರೆ. ನ್ಯೂಜಿಲೆಂಡನ್ನು ಬಿಟ್ಟರೆ ಈ ಪ್ರಭೇದ ಬೇರೆಲ್ಲಿಯೂ ಇಲ್ಲ. ಇದರ ಬೆಳಕು ಕರೆಯಲ್ಲ, ಬಲೆ.

ತತ್ತಿಯೊಡೆದು ಹೊರಬಂದಾಗ ಈ ಮರಿಯ ಉದ್ದ ಕೆಲವೇ ಮಿಲಿಮೀಟರು. ಆಗಿನಿಂದಲೇ ಅದು ಬೆಳಗುತ್ತದೆ. ಚಾವಣಿಗೆ ಅಂಟಿಕೊಂಡು, ತನ್ನ ಬಾಯಿಂದ ಒಸರುವ ದ್ರವದಿಂದ ಒಂದು ಸಣ್ಣ ಕೊಳವೆಯಾಕಾರದ ತೊಟ್ಟಿಲನ್ನು ಹೆಣೆದುಕೊಳ್ಳುತ್ತದೆ. ಅನಂತರ ಅದರಿಂದ ರೇಷ್ಮೆಯಂಥ ಎಳೆಗಳನ್ನು ಒಂದೊಂದಾಗಿ ಕೆಳಕ್ಕೆ ಇಳಿಬಿಡುತ್ತದೆ. ಒಂದು ಹುಳು ಹತ್ತಾರು ಎಳೆಗಳನ್ನು ಇಳಿಬಿಡಬಲ್ಲದು. ಪ್ರತಿ ಎಳೆಯ ಉದ್ದಕ್ಕೂ ಮುತ್ತು ಪೋಣಿಸಿದಂತೆ ಅಂಟಿನ ಹನಿಗಳು. ತೊರೆಯ ನೀರಿನಲ್ಲಿ ಹುಟ್ಟಿದ ಸಣ್ಣ ಕೀಟಗಳು ಕತ್ತಲಲ್ಲಿ ಮೇಲಕ್ಕೆ ಹಾರುತ್ತವೆ. ಮೇಲಿನ ಬೆಳಕನ್ನು ಬಯಲಿನ ಆಕಾಶವೆಂದು ಭ್ರಮಿಸಿ ಅತ್ತ ಸಾಗುತ್ತವೆ. ಎಳೆಗೆ ತಗುಲಿ ಸಿಕ್ಕಿಬೀಳುತ್ತವೆ. ಎಳೆಯ ಕಂಪನದಿಂದ ಬೇಟೆ ಸಿಕ್ಕಿತೆಂದರಿತ ಹುಳು ಗಾಳದ ದಾರವನ್ನು ಎಳೆಯುವ ಬೆಸ್ತನಂತೆ ಆ ಎಳೆಯನ್ನು ಮೇಲಕ್ಕೆಳೆದುಕೊಂಡು ಉಣ್ಣುತ್ತದೆ. ಹಸಿದ ಹುಳುವಿನ ಬೆಳಕು ಉಂಡ ಹುಳುವಿನದಕ್ಕಿಂತ ಪ್ರಖರ. ನೋಡುವವರ ಕಣ್ಣಿಗೆ ಹಬ್ಬವಾಗುವ ಈ ದೀಪಾವಳಿಯನ್ನು ಬೆಳಗುತ್ತಿರುವುದು ಹಸಿವು.

ಬೆಳಕು ಹುಟ್ಟುವ ಬಗೆಯೂ ವಿಸ್ಮಯಕರವಾದುದು. ಹುಳುವಿನ ಬಾಲದ ತುದಿಯಲ್ಲಿ, ಮಲಿನವನ್ನು ಹೊರಹಾಕುವ ನಾಳಗಳ ಕೊನೆಯಲ್ಲಿ, ಲೂಸಿಫೆರಿನ್ ಎಂಬ ವಸ್ತುವು ಲೂಸಿಫೆರೇಸ್ ಎಂಬ ಕಿಣ್ವದ ನೆರವಿನಿಂದ ಆಮ್ಲಜನಕದೊಡನೆ ಕೂಡುತ್ತದೆ. ಆಗ ನೀಲಿಹಸುರು ಬೆಳಕು ಹೊಮ್ಮುತ್ತದೆ. ಇದರಲ್ಲಿ ಶಾಖ ಇಲ್ಲವೆಂದೇ ಹೇಳಬೇಕು. ಮನುಷ್ಯ ಹೊತ್ತಿಸುವ ಹಣತೆ ಕೈಯನ್ನು ಸುಡುತ್ತದೆ. ಈ ಹುಳುವಿನ ಹಣತೆ ತಣ್ಣಗಿನದು.

ಮರಿಯ ಅವಸ್ಥೆ ಸುಮಾರು ಒಂಬತ್ತು ತಿಂಗಳು. ಅನಂತರ ಅದು ಕೋಶವಾಗಿ ಎರಡು ವಾರಗಳ ಮಟ್ಟಿಗೆ ತೂಗಾಡಿ, ರೆಕ್ಕೆಯುಳ್ಳ ಕೀಟವಾಗಿ ಹೊರಬರುತ್ತದೆ. ಪ್ರೌಢ ಕೀಟ ಉಣ್ಣುವುದಿಲ್ಲ. ಉಣ್ಣಲು ತಕ್ಕ ಬಾಯಿಯೇ ಅದಕ್ಕಿಲ್ಲ. ಕೆಲವೇ ದಿನಗಳಲ್ಲಿ ಜೊತೆಗೂಡಿ, ತತ್ತಿಯಿಟ್ಟು, ಸಾಯುತ್ತದೆ. ಮರಿಯಾಗಿದ್ದಾಗ ಗಳಿಸಿದ ಆಹಾರವೇ ಅದರ ಉಳಿದ ಬಾಳಿಗೆ ಬುತ್ತಿ.

ವೈಟೊಮೊದ ಮುಖ್ಯ ಗುಹೆಯಲ್ಲಿ ಪ್ರವಾಸಿಗಳು ದೋಣಿಯಲ್ಲಿ ಕುಳಿತು ನಿಶ್ಶಬ್ದವಾಗಿ ಸಾಗುತ್ತಾರೆ. ಮಾರ್ಗದರ್ಶಿಯು ಹುಟ್ಟು ಹಾಕುವುದಿಲ್ಲ. ಮೇಲೆ ಕಟ್ಟಿದ ಹಗ್ಗವನ್ನು ಕೈಯಿಂದ ಎಳೆಯುತ್ತ ಕತ್ತಲಲ್ಲಿಯೇ ದೋಣಿಯನ್ನು ನಡೆಸುತ್ತಾನೆ. ಹೆಚ್ಚಿನ ಸಾಹಸವನ್ನು ಬಯಸುವವರಿಗೆ ಸಮೀಪದ ರುವಾಕುರಿ ಗುಹೆಯಿದೆ. ಅಲ್ಲಿ 1987ರಲ್ಲಿ ಒಂದು ಹೊಸ ಬಗೆಯ ನೆಲದೊಳಗಿನ ತೆಪ್ಪಯಾನ ಪ್ರಾರಂಭವಾಯಿತು. ಇಲ್ಲಿಯ ತೆಪ್ಪ ದಂಟಿನದಲ್ಲ, ಗಾಳಿ ತುಂಬಿದ ರಬ್ಬರಿನ ಟ್ಯೂಬು.

ಈ ಯಾನಕ್ಕೆ ಹೊರಡುವವರು ಮೊದಲು ಚಳಿಯನ್ನು ತಡೆಯುವ ದಪ್ಪ ರಬ್ಬರಿನ ಉಡುಪನ್ನು ಮೈಗೆ ಬಿಗಿಯಾಗಿ ತೊಡುತ್ತಾರೆ. ತಲೆಗೆ ದೀಪವುಳ್ಳ ಶಿರಸ್ತ್ರಾಣ, ಕಾಲಿಗೆ ಬೂಟು. ಗುಹೆಯನ್ನು ಹೊಗುವ ಮುನ್ನ ಹೊರಗಿನ ನೀರಿನಲ್ಲಿ ಅಭ್ಯಾಸ ನಡೆಯುತ್ತದೆ. ಟ್ಯೂಬನ್ನು ಬೆನ್ನ ಹಿಂದೆ ಎರಡು ಕೈಗಳಿಂದ ಹಿಡಿದು, ನೀರಿಗೆ ಬೆನ್ನು ಮಾಡಿ, ಹಿಮ್ಮುಖವಾಗಿ ಹಾರಬೇಕು. ಕಾಣದ ಕಡೆಗೆ ಹಾರಲು ಎಂಥವನ ಎದೆಯೂ ಒಮ್ಮೆ ಅಳುಕುತ್ತದೆ. ಆದರೆ ಒಳಗಿನ ಚಿಕ್ಕ ಜಲಪಾತಗಳನ್ನು ಇಳಿಯಲು ಇದೇ ಮಾರ್ಗ. ಈ ಅಭ್ಯಾಸದಲ್ಲಿಯೇ ಪ್ರವಾಸಿಗನು ಮಾರ್ಗದರ್ಶಿಯ ಮಾತನ್ನು ನಂಬುವುದನ್ನು ಕಲಿಯುತ್ತಾನೆ. ಮಳೆ ಹೆಚ್ಚಾಗಿ ತೊರೆ ಉಕ್ಕಿದ ದಿನ ಯಾರೆಷ್ಟು ಒತ್ತಾಯಿಸಿದರೂ ಯಾನವನ್ನು ನಿಲ್ಲಿಸಲಾಗುತ್ತದೆ. ಸಾಹಸವೆಂದರೆ ಅಪಾಯವನ್ನು ಲೆಕ್ಕಿಸದಿರುವುದಲ್ಲ, ಅಪಾಯವನ್ನು ಸರಿಯಾಗಿ ಲೆಕ್ಕಹಾಕುವುದು.

ಒಳಹೊಕ್ಕ ಕೂಡಲೆ ಹೊರಗಿನ ಬೆಳಕು ಹಿಂದೆ ಸರಿದು, ಮೊದಲ ತಿರುವಿನಲ್ಲಿ ಪೂರ್ತಿ ಮರೆಯಾಗುತ್ತದೆ. ಇಕ್ಕಟ್ಟಾದ ಎಡೆಗಳಲ್ಲಿ ತಲೆ ತಗ್ಗಿಸಿ ನಡೆಯಬೇಕು. ಅಗಲವಾದ ಎಡೆಗಳಲ್ಲಿ ಟ್ಯೂಬಿನ ಮೇಲೆ ಒರಗಿ ತೇಲಬೇಕು. ನೀರಿನ ಸದ್ದು ಕಲ್ಲಿನ ಗೋಡೆಗಳಿಗೆ ತಾಗಿ ಹತ್ತುಮಡಿಯಾಗಿ ಮರಳುತ್ತದೆ. ಕೊನೆಗೆ ಪ್ರವಾಹ ಶಾಂತವಾದೆಡೆಯಲ್ಲಿ ಎಲ್ಲರೂ ಸಾಲಾಗಿ, ಹಿಂದಿನವನ ಕಾಲುಗಳನ್ನು ಮುಂದಿನವನು ಹಿಡಿದು, ಸರಪಳಿಯಾಗುತ್ತಾರೆ. ಆಗ ಮಾರ್ಗದರ್ಶಿಯ ಅಪ್ಪಣೆಯಂತೆ ಒಂದೊಂದಾಗಿ ದೀಪಗಳು ಆರುತ್ತವೆ.

ಮೊದಲಿಗೆ ಏನೂ ಕಾಣದು. ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ಕ್ಷಣಗಳು ಕಳೆದಂತೆ ಮೇಲೆ ಒಂದು ಬೊಟ್ಟು, ಅದರ ಪಕ್ಕದಲ್ಲಿ ಇನ್ನೊಂದು, ಬಳಿಕ ನೂರು, ಬಳಿಕ ಎಣಿಕೆಗೆ ಮೀರಿದಷ್ಟು. ತಲೆಯ ಮೇಲೆ ಬೆಳಕಿನ ಒಂದು ಹೊಳೆ ಸುರಂಗದ ತಿರುವುಗಳನ್ನು ಅನುಸರಿಸಿ ಹರಿಯುತ್ತದೆ. ಕೆಳಗಿನ ಹೊಳೆಯಲ್ಲಿ ಮನುಷ್ಯರು ತೇಲುತ್ತಾರೆ. ದಾರಿಯನ್ನು ತೋರುವುದು ಆ ಹುಳುಗಳ ಬೆಳಕೊಂದೇ. ಅಲ್ಲಿಯವರೆಗೆ ಕೂಗಿ ನಗುತ್ತಿದ್ದವರೂ ಮೌನವಾಗುತ್ತಾರೆ.

ಈ ಬೆಳಕು ಎಷ್ಟು ನಾಜೂಕಾದುದೆಂಬುದನ್ನು ಮನುಷ್ಯನು ಪೆಟ್ಟು ತಿಂದು ಕಲಿಯಬೇಕಾಯಿತು. ಅಂಟಿನ ಎಳೆಗಳು ನೆಟ್ಟಗೆ ಇಳಿದಿರಲು ಗಾಳಿ ನಿಶ್ಚಲವಾಗಿರಬೇಕು. ಹುಳುವಿನ ಮೈ ಒಣಗದಿರಲು ಗಾಳಿಯಲ್ಲಿ ತೇವವಿರಬೇಕು. ಒಂದು ಕಾಲದಲ್ಲಿ ವೈಟೊಮೊ ಗುಹೆಯ ಮೇಲ್ದ್ವಾರದ ಮೂಲಕ ಗಾಳಿಯ ಸಂಚಾರ ಮಿತಿಮೀರಿ, ಒಳಗಿನ ತೇವ ಕಡಿಮೆಯಾಯಿತು. ಹುಳುಗಳ ಬೆಳಕು ಕುಂದುತ್ತ ಬಂದಿತು. 1979ರಲ್ಲಿ ಗುಹೆಯನ್ನು ಕೆಲವು ತಿಂಗಳ ಕಾಲ ಮುಚ್ಚಬೇಕಾಯಿತು. ವಿಜ್ಞಾನಿಗಳು ಗುಹೆಯ ಗಾಳಿ, ತೇವ, ಉಷ್ಣತೆಗಳನ್ನು ಅಳೆದು ಕಾರಣವನ್ನು ಕಂಡುಕೊಂಡ ಮೇಲೆ ಗಾಳಿಯ ಸಂಚಾರವನ್ನು ಹತೋಟಿಗೆ ತರಲಾಯಿತು, ಬೆಳಕು ಮರಳಿತು. ಜನರ ಉಸಿರೂ ಗುಹೆಗೆ ಒಂದು ಭಾರವೆ. ಉಸಿರಿನ ಇಂಗಾಲದ ಡೈ ಆಕ್ಸೈಡು ಹೆಚ್ಚಾದರೆ ಗೋಡೆಯ ತೇವವೇ ಆಮ್ಲವಾಗಿ, ಯುಗಗಳಿಂದ ಬೆಳೆದ ಸುಣ್ಣದ ಕಂಬಗಳನ್ನು ಸವೆಸುತ್ತದೆ. ಆದುದರಿಂದ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅದರ ಪ್ರಮಾಣ 2400 ಭಾಗಗಳನ್ನು ದಾಟದಂತೆ ಮಿತಿಯನ್ನು ವಿಧಿಸಲಾಗಿದೆ.

ಗುಹೆಯ ಒಡೆತನಕ್ಕೂ ಒಂದು ಇತಿಹಾಸವಿದೆ. 1906ರಲ್ಲಿ ಸರ್ಕಾರವು ಗುಹೆಯ ಆಡಳಿತವನ್ನು ತಾನೆ ತಿನೋರೌನ ಜನರಿಂದ ತನ್ನ ಕೈಗೆ ತೆಗೆದುಕೊಂಡಿತು. ಎಂಬತ್ತಕ್ಕೂ ಹೆಚ್ಚು ವರ್ಷಗಳ ತರುವಾಯ, 1989ರಲ್ಲಿ, ನೆಲವೂ ಗುಹೆಯೂ ಮೂಲ ಒಡೆಯರ ವಂಶಜರಿಗೆ ಮರಳಿದುವು. ಅಲ್ಲಿ ಪ್ರವಾಸಿಗಳಿಗೆ ದಾರಿ ತೋರುವವರಲ್ಲಿ ಹಲವರು ತಾನೆ ತಿನೋರೌ ಮತ್ತು ಹುತಿ ದಂಪತಿಗಳ ಸಂತತಿಯವರು. ರುವಾಕುರಿ ಗುಹೆಯ ಹಳೆಯ ಬಾಗಿಲಿನ ಬಳಿ ಮಾವೊರಿ ಜನರ ಪೂರ್ವಿಕರ ಸಮಾಧಿಸ್ಥಳವಿದೆ. 2005ರಲ್ಲಿ ನಡಿಗೆಯ ಪ್ರವಾಸಿಗಳಿಗೆ ಆ ಗುಹೆಯನ್ನು ಮತ್ತೆ ತೆರೆದಾಗ, ಆ ಪವಿತ್ರ ಸ್ಥಳವನ್ನು ತುಳಿಯದಂತೆ ದೂರದಲ್ಲಿ ಬಾವಿಯಂತೆ ಕೊರೆದು, ಸುರುಳಿಯಾಗಿ ಇಳಿಯುವ ಬೇರೊಂದು ದಾರಿಯನ್ನು ನಿರ್ಮಿಸಲಾಯಿತು. ಹತ್ತಿರದ ದಾರಿಯಿದ್ದರೂ ಅದನ್ನು ಬಿಟ್ಟು ಸುತ್ತಿ ಹೋಗುವುದು ಕೆಲವೊಮ್ಮೆ ಗೌರವದ ಲಕ್ಷಣ.

ಯಾನದ ಕೊನೆಯಲ್ಲಿ ದೂರದಲ್ಲಿ ಬಿಳಿಯ ಒಂದು ಚುಕ್ಕೆ ಕಾಣಿಸುತ್ತದೆ. ಅದು ಹುಳುವಲ್ಲ, ಹಗಲು. ಪ್ರವಾಸಿಗಳು ಕಣ್ಣು ಕಿರಿದುಮಾಡಿಕೊಂಡು ಹಸುರು ಕಾಡಿನ ನಡುವೆ ಹೊರಬರುತ್ತಾರೆ. ದೀಪವನ್ನು ಹೊತ್ತಿಸಿ ಕತ್ತಲನ್ನು ಗೆಲ್ಲುವುದು ಮನುಷ್ಯನು ಬಹುಕಾಲದಿಂದ ಬಲ್ಲ ವಿದ್ಯೆ. ತನ್ನ ದೀಪವನ್ನು ಆರಿಸಿ, ಸದ್ದಡಗಿಸಿ, ಇನ್ನೊಂದು ಜೀವದ ಸಣ್ಣ ಬೆಳಕಿಗೆ ಎಡೆಗೊಡುವುದು ಅವನು ಇನ್ನೂ ಕಲಿಯುತ್ತಿರುವ ವಿದ್ಯೆ. ವೈಟೊಮೊದ ಗುಹೆಗಳು ಆ ಪಾಠವನ್ನು ಪ್ರತಿದಿನವೂ ಹೇಳಿಕೊಡುತ್ತಿವೆ.