ನೀರಿನಲ್ಲಿ ತೇಲುವ ಜೀವರಾಶಿ

ಬಾದಾಮಿಯ ಅಗಸ್ತ್ಯತೀರ್ಥದಂಥ ನಿಂತ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬೆಳಕಿಗೆ ಹಿಡಿದರೆ, ಸಾಸಿವೆಗಿಂತಲೂ ಚಿಕ್ಕ ಚುಕ್ಕೆಗಳು ಕುಪ್ಪಳಿಸುತ್ತಿರುವುದನ್ನು ಕಾಣಬಹುದು. ಇವೇ ಪ್ರಾಣಿಪ್ಲವಕಗಳು. ಪ್ರವಾಹಕ್ಕೆದುರಾಗಿ ಈಜಲಾರದೆ ನೀರು ಒಯ್ದತ್ತ ಸಾಗುವ ಈ ಜೀವಿಗಳಲ್ಲಿ ಹೆಚ್ಚಿನವು ಪಾಚಿಯ ಕಣಗಳನ್ನು ತಿಂದು ಬದುಕುತ್ತವೆ; ಮೀನಿನ ಮರಿಗಳು ಇವನ್ನು ತಿಂದು ಬೆಳೆಯುತ್ತವೆ.

ಇವುಗಳ ಸಂಖ್ಯೆ ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಉತ್ತರ ಅಟ್ಲಾಂಟಿಕ್ ಸಾಗರದ ಶೀತಜಲದಲ್ಲಿ ಕ್ಯಾಲನಸ್ ಎಂಬ ಪ್ಲವಕವು ಚಳಿಗಾಲವನ್ನು ಆಳದ ಕತ್ತಲೆಯಲ್ಲಿ, ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಬಲದಿಂದ ಕಳೆದು, ವಸಂತದಲ್ಲಿ ಪಾಚಿ ಹೆಚ್ಚುವ ವೇಳೆಗೆ ಮೇಲಕ್ಕೆ ಬಂದು ಮೊಟ್ಟೆಯಿಡುತ್ತದೆ. ನಮ್ಮ ಬಾಗಲಕೋಟೆ, ಹುನಗುಂದಗಳ ಸೀಮೆಯಲ್ಲಾದರೋ ಮಳೆಯದೇ ಅಧಿಕಾರ. ಮುಂಗಾರಿನ ಕೆನ್ನೀರು ನುಗ್ಗಿದಾಗ ಪಾಚಿಗೆ ಬೆಳಕು ದೊರೆಯದು. ಪ್ಲವಕಗಳು ಚದುರಿ ವಿರಳವಾಗುತ್ತವೆ. ನೀರು ತಿಳಿಯಾದ ಮೇಲೆ ಮತ್ತೆ ಹೆಚ್ಚತೊಡಗುತ್ತವೆ. ಬೇಸಿಗೆಯಲ್ಲಿ ಕೆರೆಬಾವಿಗಳು ಇಂಗಿದಂತೆ ಅಲ್ಪ ನೀರಿನಲ್ಲಿಯೇ ಒತ್ತೊತ್ತಾಗಿ ಸೇರುತ್ತವೆ. ಕೆರೆಯು ಪೂರ್ತಿ ಬತ್ತಿದರೂ ವಂಶ ಅಳಿಯದು. ನೀರಿನ ಚಿಗಟವೆಂದು ಕರೆಯುವ ಡಾಫ್ನಿಯ ಜಾತಿಯ ಜೀವಿಗಳು ಗಟ್ಟಿ ಕವಚದ ಮೊಟ್ಟೆಗಳನ್ನು ಕೆಸರಿನಲ್ಲಿ ಬಿಟ್ಟಿರುತ್ತವೆ; ನೀರು ಬಂದಾಗ ಅವು ಒಡೆದು ಮರಿಯಾಗುತ್ತವೆ.

ಈ ಏರಿಳಿತವು ಬರಿಯ ಕುತೂಹಲದ ಸಂಗತಿಯಲ್ಲ. ಉತ್ತರ ಕರ್ನಾಟಕದ ಹಳ್ಳಿಗರನ್ನು ಬಹುಕಾಲ ಕಾಡಿದ ನಾರುಹುಣ್ಣಿಗೆ ಸೈಕ್ಲಾಪ್ಸ್ ಎಂಬ ಒಕ್ಕಣ್ಣಿನ ಪ್ಲವಕವೇ ವಾಹಕವಾಗಿತ್ತು. ರೋಗಿಯು ಮೆಟ್ಟಿಲು ಬಾವಿಗೆ ಇಳಿದಾಗ ಕಾಲಿನ ಹುಣ್ಣಿನೊಳಗಿನ ಹುಳು ತನ್ನ ಮರಿಗಳನ್ನು ನೀರಿಗೆ ಬಿಡುತ್ತಿತ್ತು. ಸೈಕ್ಲಾಪ್ಸ್ ಅವನ್ನು ನುಂಗುತ್ತಿತ್ತು. ಆ ನೀರನ್ನೇ ಜನ ಕುಡಿಯುತ್ತಿದ್ದರು. ಒಡಲು ಸೇರಿದ ಹುಳು ಸುಮಾರು ಒಂದು ವರ್ಷದ ತರುವಾಯ, ಒಂದು ಮೀಟರಿನವರೆಗೂ ಬೆಳೆದು, ಚರ್ಮವನ್ನು ಭೇದಿಸಿ ಹೊರಬರುತ್ತಿತ್ತು. ಈ ಒಂದು ವರ್ಷವನ್ನು ಗಮನಿಸಿರಿ. ಬೇಸಿಗೆಯಲ್ಲಿ ಕುಡಿದ ನೀರಿನ ಫಲ ಮರುಬೇಸಿಗೆಯಲ್ಲಿ, ಎಂದರೆ ಬಾವಿ ತಗ್ಗಿ ಸೈಕ್ಲಾಪ್ಸ್ ದಟ್ಟವಾಗಿರುವ ಕಾಲದಲ್ಲಿಯೇ ಕಾಣಿಸಿಕೊಳ್ಳುತ್ತಿತ್ತು!

ಈ ರೋಗಕ್ಕೆ ಲಸಿಕೆಯಾಗಲಿ ಹುಳುವನ್ನು ಕೊಲ್ಲುವ ಔಷಧವಾಗಲಿ ಇರಲಿಲ್ಲ. ಉಪಾಯ ಮಾತ್ರ ಸರಳ. ದಟ್ಟ ನೇಯ್ಗೆಯ ಬಟ್ಟೆಯಲ್ಲಿ ಸೋಸಿದರೆ ಸೈಕ್ಲಾಪ್ಸ್ ಬಟ್ಟೆಯ ಮೇಲೆಯೇ ಉಳಿಯುತ್ತದೆ. ಸೀರೆಗೆ ಹೆಸರಾದ ಇಳಕಲ್ಲಿನ ನಾಡಿನಲ್ಲಿ ಬಟ್ಟೆಗೇನೂ ಬರವಿರಲಿಲ್ಲ. ಏತಕ್ಕಾಗಿ ಸೋಸಬೇಕೆಂಬುದನ್ನು ಮನೆಮನೆಗೆ ತಿಳಿಸುವುದೇ ಕಷ್ಟದ ಕೆಲಸ. 1980ರ ದಶಕದಲ್ಲಿ ಭಾರತ ಸರಕಾರವು ಈ ರೋಗದ ನಿರ್ಮೂಲನಕ್ಕೆ ಕೈಹಾಕಿತು. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು. ಕೊಳವೆ ಬಾವಿಗಳನ್ನು ಕೊರೆದರು. ದೇಶದ ಕಡೆಯ ರೋಗಿ 1996ರಲ್ಲಿ ರಾಜಸ್ಥಾನದಲ್ಲಿ ಕಂಡುಬಂದನು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು. ಸೈಕ್ಲಾಪ್ಸ್ ಇಂದಿಗೂ ನಮ್ಮ ಕೆರೆಗಳಲ್ಲಿದೆ. ಬೇಸಿಗೆಗೆ ದಟ್ಟವಾಗಿ, ಮಳೆಗೆ ವಿರಳವಾಗಿ, ಮೀನಿನ ಮರಿಗಳಿಗೆ ಆಹಾರವಾಗುತ್ತಿದೆ.